ಕಲ್ಲಿನೊಳಗಿನ ಬಸವನಹುಳು: ಹೊಸದೋ, ಹಳೆಯದೋ?

ಪ್ರಶ್ನೆ: ಕಲ್ಲು ಒಡೆದಾಗ ಸಿಕ್ಕ ಕಡಲ ಬಸವನಹುಳುವಿನ ಪಳೆಯುಳಿಕೆಯೊಂದು ನನ್ನ ಹತ್ತಿರ ಇದೆ. ಹೆಬ್ಬೆರಳಿನಷ್ಟು ಉದ್ದ, ಮೇಲೆ ಹೋಗ್ತಾ ಚೂಪು. ಎರಡು ಪುಸ್ತಕ ತಿರುವಿ ಹಾಕಿದೆ, ನೆಟ್‌ನಲ್ಲೂ ಹುಡುಕಿದೆ, ಇಂಥದ್ದು ಎಲ್ಲೂ ಕಾಣಲಿಲ್ಲ. ಹಾಗಾದರೆ ಇದು ಹೊಸ ಪ್ರಭೇದ ಅಲ್ವಾ? ಹೆಸರಿಡಲು ಏನು ಮಾಡಬೇಕು?

ಉತ್ತರ: ಇರಬಹುದು. ಆದರೆ ಎರಡು ಪುಸ್ತಕದಲ್ಲಿ ಇಲ್ಲ ಅಂದರೆ ಆ ಎರಡು ಪುಸ್ತಕದಲ್ಲಿ ಇಲ್ಲ, ಅಷ್ಟೇ. ಹೊಸ ಪ್ರಭೇದ ಅಂತ ಬರೆಯುವುದೆಂದರೆ, ಇದುವರೆಗೆ ಹೆಸರು ಪಡೆದ ಅದರ ನಂಟರನ್ನೆಲ್ಲ ನೋಡಿದ್ದೇನೆ, ಇದು ಅವರಲ್ಲಿ ಯಾರೂ ಅಲ್ಲ ಅಂತ ಬರೆದುಕೊಟ್ಟ ಹಾಗೆ. ಪ್ರಾಣಿಗಳ ಹೆಸರಿನ ಲೆಕ್ಕ ಶುರುವಾಗುವುದು 1758ರಿಂದ, ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ ಜೀವಿಗಳಿಗೆಲ್ಲ ಹೆಸರಿಟ್ಟ ತನ್ನ ಪುಸ್ತಕ ‘ಸಿಸ್ಟೆಮಾ ನ್ಯಾಚುರೇ’ಯ ಹತ್ತನೇ ಆವೃತ್ತಿ ತಂದ ವರ್ಷ. ಅಲ್ಲಿಂದ ಈಚೆಗೆ ಯಾರೋ ಒಬ್ಬರು ಇದೇ ಹುಳುವಿಗೆ ಸರಿಯಾಗಿ ಹೆಸರಿಟ್ಟಿದ್ದರೆ, ಅವರ ಬರಹ ನಾಲ್ಕೇ ಸಾಲಿನದಾಗಿರಲಿ, ಚಿತ್ರ ಎಷ್ಟೇ ಮಂಕಾಗಿರಲಿ, ಹಕ್ಕು ಅವರದೇ. ಪ್ಯಾರಿಸ್ ಸುತ್ತಲಿನ ಕಲ್ಲುಗಳಲ್ಲಿ ಸಿಗುವ ಚಿಪ್ಪುಗಳ ಬಗ್ಗೆ ಫ್ರೆಂಚ್ ವಿಜ್ಞಾನಿ ಲಾಮಾರ್ಕ್ 1802ರಿಂದಲೇ ಬರೆಯುತ್ತಾ ಹೋದವನು. ಅವನು ಬರೆದದ್ದನ್ನೂ ನೋಡಬೇಕು, ಅವನ ನಂತರ ಬಂದವರದ್ದನ್ನೂ ನೋಡಬೇಕು. ಅದೃಷ್ಟಕ್ಕೆ ಹಳೆಯ ಪುಸ್ತಕಗಳಲ್ಲಿ ಬಹಳಷ್ಟು ಈಗ ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿ ಅನ್ನುವ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತವೆ, ಯಾವ ಹೆಸರು ಈಗ ಚಾಲ್ತಿಯಲ್ಲಿದೆ ಅಂತ ತಿಳಿಯಲು ಮೊಲಸ್ಕಾಬೇಸ್ ಅನ್ನುವ ಇನ್ನೊಂದು ತಾಣ ಇದೆ.

ಹಳೆಯ ಚಿತ್ರ ನೋಡುವಾಗ ಒಂದು ಹುಷಾರು. ಫ್ರೆಂಚರು ಚಿಪ್ಪಿನ ಚೂಪು ತುದಿಯನ್ನು ಕೆಳಗೆ ಮಾಡಿ ಚಿತ್ರ ಬರೆಯುತ್ತಿದ್ದರು, ನಮಗೆ ತಲೆಕೆಳಗಾಗಿ ಕಾಣುತ್ತದೆ. ಇನ್ನು ಕೆಲವು ಅಚ್ಚಿನ ಚಿತ್ರಗಳಲ್ಲಿ ಬಲಕ್ಕೆ ಸುತ್ತಬೇಕಾದ ಚಿಪ್ಪು ಎಡಕ್ಕೆ ಸುತ್ತಿರುತ್ತದೆ. ತಗಡಿನ ಮೇಲೆ ಕೊರೆದದ್ದು ಕಾಗದದ ಮೇಲೆ ಕನ್ನಡಿಯಲ್ಲಿ ಕಂಡ ಹಾಗೆ ಉಲ್ಟಾ ಬರುತ್ತದಲ್ಲ, ಅದಕ್ಕೆ. ರೆಂಬ್ರಾಂಟ್‌ನಂಥ ರೆಂಬ್ರಾಂಟ್ 1650ರಲ್ಲಿ ಕೋನ್ ಚಿಪ್ಪಿನ ಚಿತ್ರ ಕೊರೆದಾಗ ತನ್ನ ಸಹಿಯನ್ನು ಸರಿಯಾಗಿ ತಿರುಗಿಸಿ ಕೊರೆದ, ಚಿಪ್ಪನ್ನು ತಿರುಗಿಸಲಿಲ್ಲ. ಅಂಥ ಚಿತ್ರ ನೋಡಿ ‘ನನ್ನದು ಬೇರೆ’ ಅಂತ ಕುಣಿಯಬೇಡಿ.

ಆಮೇಲೆ ನಿಮ್ಮದು ಕಡಲಿನದೇನಾ? ಅಮೆರಿಕದ ವಯೋಮಿಂಗ್‌ನಲ್ಲಿ ಬಸವನಹುಳುಗಳೇ ತುಂಬಿರುವ ಒಂದು ಚಂದದ ಕಲ್ಲು ಸಿಗುತ್ತದೆ, ‘ಟರ್ರಿಟೆಲ್ಲಾ ಅಗೇಟ್’ ಅಂತ ಅದರ ಹೆಸರು. ಟರ್ರಿಟೆಲ್ಲಾ ಅಂದರೆ ಕಡಲಿನದು. ಕಲ್ಲಿನಲ್ಲಿರುವುದು ಎಲಿಮಿಯಾ ಟೆನೆರಾ, ಸಿಹಿನೀರಿನದು. ಉದ್ದಕ್ಕೆ ಚೂಪಗಿದ್ದ ಮಾತ್ರಕ್ಕೆ ಒಂದೇ ಮನೆಯವರಾಗುವುದಿಲ್ಲ. ಆದ್ದರಿಂದ ಅದೇ ಕಲ್ಲಿನಲ್ಲಿ ಜೊತೆಗೆ ಇನ್ನೇನು ಸಿಕ್ಕಿದೆ ನೋಡಿ. ಹವಳವೋ, ಕಡಲ ಮುಳ್ಳುಚೆಂಡೋ ಇದ್ದರೆ ಧೈರ್ಯವಾಗಿ ಮುಂದುವರಿಯಬಹುದು.

ಇನ್ನೊಂದು ಬಲೆ ಮರಿಗಳದ್ದು, ಅದರಲ್ಲಿ ನಾನೇ ಬಿದ್ದಿದ್ದೇನೆ. ತೆಳ್ಳಗಿನ ತುಟಿಯ ಒಂದು ಚಿಪ್ಪು ಸಿಕ್ಕಿತ್ತು, ಯಾವುದಕ್ಕೂ ಹೊಂದಲಿಲ್ಲ, ಮೂರು ತಿಂಗಳು ಅಳತೆ, ಚಿತ್ರ, ಟಿಪ್ಪಣಿ ಎಲ್ಲ ಮಾಡಿ ಮನಸ್ಸಿನಲ್ಲೇ ನಾಮಕರಣವೂ ಮುಗಿದಿತ್ತು. ಕೊನೆಗೆ ಚಿಪ್ಪು ಬಲ್ಲ ಹಿರಿಯರೊಬ್ಬರು ಅದನ್ನು ಎರಡು ಸಲ ತಿರುಗಿಸಿ ನೋಡಿ ‘ಇದು ಕವಡೆಯ ಮರಿ ಕಣಯ್ಯಾ’ ಅಂದರು. ಕವಡೆ ಬೆಳೆದ ಮೇಲೆ ತುಟಿ ಒಳಕ್ಕೆ ಮಡಚಿಕೊಂಡು ಹಲ್ಲು ಬರುತ್ತವೆ, ಸುರುಳಿ ಮುಚ್ಚಿಹೋಗುತ್ತದೆ. ಮರಿಯಲ್ಲಿ ಅದ್ಯಾವುದೂ ಇರುವುದಿಲ್ಲ, ಅದು ಬೇರೆ ಯಾವುದೋ ಕುಲದ ಹಾಗೆ ಕಾಣುತ್ತದೆ. ಸ್ಟ್ರಾಂಬಸ್ ನಂಟರದ್ದೂ ಇದೇ ಕಥೆ, ರೆಕ್ಕೆಯಂಥ ಅಗಲ ತುಟಿ ಬರುವುದು ದೊಡ್ಡದಾದ ಮೇಲೆ. ಹಾಗಾಗಿ ಒಂದೇ ಚಿಪ್ಪು ಇಟ್ಟುಕೊಂಡು ಹೊರಡಬೇಡಿ. ಪ್ರಾಣಿಗಳಿಗೆ ಹೆಸರಿಡುವ ನಿಯಮದ ಪ್ರಕಾರ ಒಂದು ಸಾಕು, ಆದರೆ ಚಿಕ್ಕದು ದೊಡ್ಡದು ಸೇರಿ ಹತ್ತು ಹನ್ನೆರಡು ಇದ್ದರೆ ಯಾವುದು ವಯಸ್ಸಿನ ವ್ಯತ್ಯಾಸ, ಯಾವುದು ಪ್ರಭೇದದ ವ್ಯತ್ಯಾಸ ಅಂತ ಗೊತ್ತಾಗುತ್ತದೆ.

ಇಷ್ಟೆಲ್ಲ ದಾಟಿಯೂ ಅದು ಹೊಸದಾಗಿಯೇ ಉಳಿದರೆ ಬರೆಯಿರಿ. ಮೊದಲು ಹೋಲೋಟೈಪ್ ಆರಿಸಿ, ಅಂದರೆ ಆ ಹೆಸರನ್ನು ಹೊತ್ತುಕೊಳ್ಳುವ ಒಂದೇ ಒಂದು ಚಿಪ್ಪು. ಉಳಿದವು ಪ್ಯಾರಾಟೈಪ್‌ಗಳು. ಹೋಲೋಟೈಪ್ ನಿಮ್ಮ ಕಪಾಟಿನಲ್ಲಿ ಇರಕೂಡದು, ಯಾರು ಬೇಕಾದರೂ ಹೋಗಿ ನೋಡಬಹುದಾದ ಮ್ಯೂಸಿಯಂ ಸೇರಬೇಕು. 1999ರ ನಂತರದ ಹೊಸ ಹೆಸರುಗಳಿಗೆ ಯಾವುದು ಟೈಪ್, ಅದು ಎಲ್ಲಿರುತ್ತದೆ ಅಂತ ಬರಹದಲ್ಲೇ ಹೇಳಲೇಬೇಕು, ಇಲ್ಲದಿದ್ದರೆ ಹೆಸರು ಬಿದ್ದುಹೋಗುತ್ತದೆ. ಆಮೇಲೆ ಯಾವ ಜಾಗ, ಯಾವ ಪದರ, ಪದರದ ವಯಸ್ಸೆಷ್ಟು. ಇದನ್ನು ಬರೆದಿಟ್ಟುಕೊಳ್ಳದೆ ಚಿಪ್ಪು ಮಾತ್ರ ತಂದಿದ್ದರೆ, ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮ ಕೈಯಲ್ಲಿರುವುದು ಚಂದದ ಆಟಿಕೆ.

ಫೋಟೋಗೆ ಒಂದು ಹಳೆಯ ಉಪಾಯ ಇದೆ. ಅಮೋನಿಯಂ ಕ್ಲೋರೈಡ್, ಅಂದರೆ ನವಸಾಗರ, ಬಿಸಿ ಮಾಡಿ ಅದರ ಹೊಗೆ ಚಿಪ್ಪಿಗೆ ತಾಗುವಂತೆ ಮಾಡುತ್ತಾರೆ, ತೆಳ್ಳನೆ ಬಿಳಿ ಪುಡಿ ಕೂರುತ್ತದೆ, ಹೊಳಪು ಹೋಗಿ ಒಂದೊಂದು ಗೆರೆಯೂ ಎದ್ದು ಕಾಣುತ್ತದೆ. ಆಮೇಲೆ ನೀರಲ್ಲಿ ತೊಳೆದರೆ ಹೋಯಿತು. ಆ ಹೊಗೆ ಮೂಗಿಗೆ ಒಳ್ಳೆಯದಲ್ಲ, ಗಾಳಿ ಹೊರಗೆಳೆಯುವ ವ್ಯವಸ್ಥೆ ಇರುವ ಕಡೆ ಮಾತ್ರ ಮಾಡಿ.

ಪ್ರಶ್ನೆ: ಒಳಗಿನ ಹುಳು ಸತ್ತು ಲಕ್ಷಾಂತರ ವರ್ಷ ಆಗಿದೆ, ಉಳಿದಿರುವುದು ಚಿಪ್ಪು ಮಾತ್ರ. ಬರೀ ಚಿಪ್ಪು ನೋಡಿ ಬೇರೆ ಪ್ರಭೇದ ಅಂತ ಹೇಗೆ ಹೇಳುತ್ತಾರೆ? ಸುಮ್ನೆ ಊಹೆ ಅಲ್ವಾ?

ಉತ್ತರ: ಸ್ವಲ್ಪ ಮಟ್ಟಿಗೆ ಊಹೆಯೇ, ಅದನ್ನು ಒಪ್ಪಿಕೊಳ್ಳದವರನ್ನು ನಾನು ನಂಬುವುದಿಲ್ಲ. ಆದರೆ ಬಸವನಹುಳು ಇಲ್ಲಿ ನಮಗೆ ಭಾರೀ ಉಪಕಾರ ಮಾಡಿದೆ, ಅದು ತನ್ನ ಹುಟ್ಟಿನಿಂದ ಸಾವಿನವರೆಗಿನ ಚಿಪ್ಪನ್ನು ಒಂದೇ ಸುರುಳಿಯಲ್ಲಿ ಇಟ್ಟುಕೊಂಡಿರುತ್ತದೆ. ತುತ್ತತುದಿಯಲ್ಲಿರುವ ಪುಟ್ಟ ಭಾಗ, ಎಷ್ಟೋ ಸಲ ಒಂದು ಮಿಲಿಮೀಟರೂ ಇರುವುದಿಲ್ಲ, ಅದು ಮರಿಯಾಗಿದ್ದಾಗಿನ ಚಿಪ್ಪು. ಪ್ರೋಟೋಕಾಂಚ್ ಅನ್ನುತ್ತಾರೆ. ಅದರಲ್ಲಿ ಸಣ್ಣ ಸಣ್ಣ ಸುತ್ತು ಜಾಸ್ತಿ ಇದ್ದರೆ ಮರಿ ನೀರಿನಲ್ಲಿ ತೇಲಾಡಿ, ತಿಂದು ಬೆಳೆದು, ದೂರ ಹೋಗಿ ನೆಲ ಹಿಡಿದಿದೆ ಅಂತ ಲೆಕ್ಕ. ಸುತ್ತು ಕಡಿಮೆ, ತುದಿ ದಪ್ಪ ಇದ್ದರೆ ಮರಿ ಮೊಟ್ಟೆಯ ಪೋಷಣೆಯಲ್ಲೇ ಬೆಳೆದು ಹತ್ತಿರದಲ್ಲೇ ಉಳಿದಿದೆ. ದೊಡ್ಡವಾದಾಗ ಒಂದೇ ಥರ ಕಾಣುವ ಎರಡು ಚಿಪ್ಪುಗಳ ತುದಿ ಹೀಗೆ ಬೇರೆ ಬೇರೆ ಇದ್ದರೆ ಅವು ಒಂದೇ ಪ್ರಭೇದ ಅಂತ ಹೇಳುವುದು ಕಷ್ಟ. ಬೇಜಾರಿನ ಸಂಗತಿ ಏನೆಂದರೆ, ಎಲ್ಲಕ್ಕಿಂತ ಮೊದಲು ಮುರಿಯುವುದೂ ಅದೇ ತುದಿ.

ಅದಾದ ಮೇಲೆ ಬಾಯಿಯ ಆಕಾರ, ಸುರುಳಿಯ ಒಳಗೆ ನಿಂತಿರುವ ನಡುಗಂಬದ ಮೇಲೆ ಮಡಿಕೆಗಳಿವೆಯೇ, ಎಷ್ಟಿವೆ, ಸುತ್ತಿನ ಗುಂಟ ಓಡುವ ದಾರದಂಥ ಏಣುಗಳೆಷ್ಟು, ಅವಕ್ಕೆ ಅಡ್ಡ ಹೋಗುವ ಏಣುಗಳೆಷ್ಟು ಇವೆಲ್ಲ ಬರುತ್ತವೆ. ಗಾತ್ರ ನಂಬಬೇಡಿ, ಊಟ ಸಿಕ್ಕರೆ ಯಾರು ಬೇಕಾದರೂ ದೊಡ್ಡದಾಗುತ್ತಾರೆ.

ಚಿಪ್ಪಿನ ಬದಲು ಒಳಗೆ ತುಂಬಿದ ಕೆಸರು ಗಟ್ಟಿಯಾದ ಅಚ್ಚು ಮಾತ್ರ ಉಳಿದಿದ್ದರೆ ನಾನು ಹೆಸರಿಡುವುದಿಲ್ಲ. ಬಸವನಹುಳುಗಳ ಚಿಪ್ಪು ಹೆಚ್ಚಿನಂಶ ಅರಗೊನೈಟ್ ಅನ್ನುವ ಸುಣ್ಣದ ಖನಿಜ, ಅದು ಇನ್ನೊಂದು ಸುಣ್ಣದ ಖನಿಜವಾದ ಕ್ಯಾಲ್ಸೈಟ್‌ಗಿಂತ ಬೇಗ ಕರಗಿಹೋಗುತ್ತದೆ, ಆಗ ಹೊರಗಿನ ಗೆರೆಗಳೆಲ್ಲ ಮಾಯ. ಹೊರಗಿನ ಅಚ್ಚು ಕಲ್ಲಿನಲ್ಲಿ ಉಳಿದಿದ್ದರೆ ಅದಕ್ಕೆ ಸಿಲಿಕೋನ್ ರಬ್ಬರ್ ಸುರಿದು ಎರಕ ತೆಗೆಯಬಹುದು, ಆಗ ಮಾತು ಬೇರೆ.

ಬಣ್ಣವೂ ಪೂರ್ತಿ ಹೋಗಿರುವುದಿಲ್ಲ. ಬರಿಗಣ್ಣಿಗೆ ಬೆಳ್ಳಗೆ ಕಾಣುವ ಕೆಲವು ಚಿಪ್ಪು ಅಲ್ಟ್ರಾವಯಲೆಟ್ ದೀಪದ ಕೆಳಗೆ ಹಳೆಯ ಚುಕ್ಕಿ, ಪಟ್ಟೆಗಳನ್ನು ತೋರಿಸುತ್ತವೆ. 2015ರಲ್ಲಿ ಡೊಮಿನಿಕನ್ ರಿಪಬ್ಲಿಕ್‌ನ ಕೋನ್ ಬಸವನಹುಳುಗಳನ್ನು ಹೀಗೆ ನೋಡಿ 13 ಹೊಸ ಪ್ರಭೇದಗಳನ್ನು ವಿವರಿಸಿದರು. ಆ ಚಿಪ್ಪುಗಳ ವಯಸ್ಸು 48 ಲಕ್ಷದಿಂದ 66 ಲಕ್ಷ ವರ್ಷ. ಕೋನ್‌ಗಳಲ್ಲಿ ಆಕಾರಕ್ಕಿಂತ ಬಣ್ಣದ ವಿನ್ಯಾಸವೇ ಗುರುತು ಹಿಡಿಯಲು ಜಾಸ್ತಿ ನೆರವಾಗುತ್ತದೆ, ಹಾಗಾಗಿ ಅಲ್ಲಿ ದೀಪ ಹಚ್ಚಿದ್ದು ಸಾರ್ಥಕವಾಯಿತು.

ಪ್ರಶ್ನೆ: ನನ್ನ ಹೆಂಡತಿಯ ಹೆಸರಿಡಬಹುದೇ? ಫೇಸ್‌ಬುಕ್‌ನಲ್ಲಿ ಹಾಕಿದರೆ ಹೆಸರು ಊರ್ಜಿತವಾಗುತ್ತದೆಯೇ? ಡಿಗ್ರಿ ಬೇಕೇ?

ಉತ್ತರ: ಇಡಬಹುದು. ಇಲ್ಲ. ಬೇಡ.

ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹೆಂಗಸಿನ ಹೆಸರಾದರೆ ಕೊನೆಯಲ್ಲಿ ಲ್ಯಾಟಿನ್ನಿನ ‘ಏ’ (-ae), ಗಂಡಸಿನದಾದರೆ ‘ಐ’ (-i) ಸೇರುತ್ತದೆ. ತನ್ನ ಹೆಸರನ್ನು ತಾನೇ ಇಟ್ಟುಕೊಳ್ಳಬಾರದು ಅಂತ ನಿಯಮವಿಲ್ಲ, ಆದರೆ ಇಟ್ಟುಕೊಂಡರೆ ನಗುತ್ತಾರೆ. ಹೆಸರು ರೋಮನ್ ಅಕ್ಷರದಲ್ಲೇ ಇರಬೇಕು, ವಿವರಣೆಗೆ ಮಾತ್ರ ಇಂಥದ್ದೇ ಭಾಷೆ ಅಂತ ಕಡ್ಡಾಯವಿಲ್ಲ, ಕನ್ನಡದಲ್ಲಿ ಬರೆದರೂ ಹೆಸರು ನಿಲ್ಲುತ್ತದೆ (ಓದುವವರು ಬೇಕಲ್ಲ, ಅದಕ್ಕೇ ಎಲ್ಲರೂ ಇಂಗ್ಲಿಷ್ ಹಿಡಿಯುತ್ತಾರೆ). ಫೇಸ್‌ಬುಕ್ ಪೋಸ್ಟ್ ಲೆಕ್ಕಕ್ಕಿಲ್ಲ. ಬರೀ ಆನ್‌ಲೈನ್ ಪತ್ರಿಕೆಗಳಲ್ಲಿ ಬಂದ ಹೆಸರುಗಳನ್ನು ಒಪ್ಪಲು ಶುರುಮಾಡಿದ್ದೇ 2012ರಿಂದ, ಅದೂ ಪ್ರಾಣಿಗಳ ಹೆಸರು ದಾಖಲಿಸುವ ಝೂಬ್ಯಾಂಕ್ ಅನ್ನುವ ತಾಣದಲ್ಲಿ ನೋಂದಣಿ ಆಗಿದ್ದರೆ. ವಿವರಣೆ ಇಲ್ಲದೆ ಹೆಸರು ಮಾತ್ರ ತೇಲಿಬಿಟ್ಟರೆ ಅದನ್ನು ಲ್ಯಾಟಿನ್‌ನಲ್ಲಿ ‘ಬೆತ್ತಲೆ ಹೆಸರು’ ಅನ್ನುತ್ತಾರೆ. ಡಿಗ್ರಿಯನ್ನು ಯಾವ ನಿಯಮವೂ ಕೇಳುವುದಿಲ್ಲ, ಆದರೆ ಆ ಗುಂಪಿನ ಚಿಪ್ಪುಗಳನ್ನೇ ಇಪ್ಪತ್ತು ವರ್ಷ ನೋಡಿದವರೊಬ್ಬರನ್ನು ಜೊತೆಗಿಟ್ಟುಕೊಳ್ಳಿ.

ಯೋಚಿಸಿ ಇಡಿ, ಆಮೇಲೆ ಬದಲಾಯಿಸಲಾಗುವುದಿಲ್ಲ. 1834ರಲ್ಲಿ ಅಮೆರಿಕದ ವಿಜ್ಞಾನಿ ಹಾರ್ಲನ್ ಒಂದು ಪಳೆಯುಳಿಕೆಯನ್ನು ಸರೀಸೃಪ ಅಂದುಕೊಂಡು ಬ್ಯಾಸಿಲೋಸಾರಸ್, ಅಂದರೆ ‘ಹಲ್ಲಿಗಳ ರಾಜ’, ಅಂತ ಕರೆದ. ಅದು ತಿಮಿಂಗಿಲ ಅಂತ ಗೊತ್ತಾದ ಮೇಲೆ ಇಂಗ್ಲೆಂಡಿನ ವಿಜ್ಞಾನಿ ಓವೆನ್ ಬೇರೆ ಹೆಸರು ಕೊಟ್ಟು ನೋಡಿದ. ನಡೆಯಲಿಲ್ಲ, ಇಂದಿಗೂ ಅದು ಹಲ್ಲಿಯೇ. ಕುಲ ಬದಲಾದರೆ ಮಾತ್ರ ಹೆಸರಿನ ಮೊದಲ ಪದ, ಅಂದರೆ ಕುಲದ ಹೆಸರು, ಬದಲಾಗುತ್ತದೆ: ಲಾಮಾರ್ಕ್ 1804ರಲ್ಲಿ ಸೆರಿಥಿಯಂ ಜೈಗ್ಯಾಂಟಿಯಂ ಅಂದ ಆ ದೈತ್ಯ ಬಸವನಹುಳು ಈಗ ಕ್ಯಾಂಪನೈಲ್ ಜೈಗ್ಯಾಂಟಿಯಂ ಆಗಿದೆ, ಅದರ ಪಕ್ಕ ಹೆಸರಿಟ್ಟವನೆಂದು ಬರೆಯುವ ಲಾಮಾರ್ಕ್‌ನ ಹೆಸರು ಕಂಸದೊಳಗೆ ಹೋಗಿ ಕೂತಿದೆ.

ಪ್ರಶ್ನೆ: ತುದಿ ಮುರಿದುಹೋಯಿತು. ಅಂಟಿಸಲೇ? ವಾರ್ನಿಷ್ ಹಚ್ಚಲೇ?

ಉತ್ತರ: ವಾರ್ನಿಷ್ ಬೇಡವೇ ಬೇಡ, ನವಿರು ಗೆರೆಗಳೆಲ್ಲ ಮುಚ್ಚಿಹೋಗುತ್ತವೆ. ಬೇಗ ಹಿಡಿಯುವ ಅಂಟೂ ಬೇಡ. ಮ್ಯೂಸಿಯಂನವರು ಪ್ಯಾರಾಲಾಯ್ಡ್ ಬಿ-72 ಅನ್ನುವ ಪ್ಲಾಸ್ಟಿಕ್ ಅಂಟನ್ನು ಅಸಿಟೋನ್‌ನಲ್ಲಿ ಕರಗಿಸಿ ಬಳಸುತ್ತಾರೆ, ತಪ್ಪಾದರೆ ಅದೇ ಅಸಿಟೋನ್ ಹಾಕಿ ಬಿಡಿಸಬಹುದು. ಅದು ಸಿಗುವ ತನಕ ಮುರಿದ ಚೂರನ್ನು ಒಂದು ಪುಟ್ಟ ಡಬ್ಬಿಯಲ್ಲಿ ಹಾಕಿ, ಚಿಪ್ಪಿಗೆ ಕೊಟ್ಟ ನಂಬರನ್ನೇ ಡಬ್ಬಿಯ ಮೇಲೂ ಬರೆದಿಡಿ.