ಇಳಿಯುವಾಗ ಸೊಂಟ ಬಾಗುತ್ತದೆ, ಏನು ಮಾಡಲಿ?

ಪ್ರಶ್ನೆ: ನನಗೆ 27 ವರ್ಷ. ಒಂದು ತಿಂಗಳಿಂದ ಡ್ರ್ಯಾಗನ್ ಫ್ಲ್ಯಾಗ್ ಕಲಿಯುತ್ತಿದ್ದೇನೆ. ಬೆಂಚಿನ ಮೇಲೆ ಮಲಗಿ, ತಲೆಯ ಹಿಂದೆ ಬೆಂಚನ್ನು ಹಿಡಿದು, ಮೈಯನ್ನು ಕೋಲಿನ ಹಾಗೆ ನೆಟ್ಟಗೆ ಎತ್ತಿ ಇಳಿಸುತ್ತೇನೆ. ಮೇಲೆ ಹೋಗುವುದು ಕಷ್ಟವಿಲ್ಲ. ಇಳಿಸುವಾಗ ಅರ್ಧ ದಾರಿಯಲ್ಲೇ ಸೊಂಟ ಬಾಗಿ ಧೊಪ್ಪನೆ ಬೀಳುತ್ತೇನೆ. ಮಾರನೇ ದಿನ ಹೊಟ್ಟೆಗಿಂತ ಸೊಂಟ, ಕತ್ತು ಜಾಸ್ತಿ ನೋಯುತ್ತವೆ. ಎಲ್ಲಿ ತಪ್ಪುತ್ತಿದ್ದೇನೆ ಸರ್?

ಉತ್ತರ: ನೋವು ಪೂರ್ತಿ ಹೋಗುವವರೆಗೆ ಇದನ್ನು ಮುಟ್ಟಬೇಡಿ. ಕತ್ತಿನ ವಿಷಯದಲ್ಲಿ ನಾನು ಪಾಠ ಕಲಿತವನು. ಮೊದಮೊದಲು ಕಾಲನ್ನು ಪೂರಾ ನೆಟ್ಟಗೆ, ಆಕಾಶಕ್ಕೆ ಎತ್ತುತ್ತಿದ್ದೆ. ಹಾಗೆ ಎತ್ತಿದರೆ ಭಾರ ಹೆಗಲು ದಾಟಿ ಕತ್ತಿನ ಮೇಲೆ ಉರುಳುತ್ತದೆ. ಮೂರು ವಾರ ಎಡಕ್ಕೆ ತಿರುಗಿ ನೋಡಲು ಆಗಲಿಲ್ಲ. ಅದಕ್ಕೇ ಹೇಳುತ್ತೇನೆ, ನೆಟ್ಟಗಾಗುವ ಸ್ವಲ್ಪ ಮುಂಚೆಯೇ ನಿಲ್ಲಿಸಿ. ಭಾರ ಹೆಗಲ ಹಿಂಭಾಗದಲ್ಲೇ ಇರಲಿ. ಮೊಣಕೈ ಕಿವಿಯ ಹತ್ತಿರ ಇಟ್ಟುಕೊಂಡು, ಬೆಂಚನ್ನು ಕಿತ್ತುಕೊಳ್ಳುವ ಹಾಗೆ ಎಳೆದು ಹಿಡಿಯಿರಿ. ಹೆಗಲನ್ನು ಅಲುಗದಂತೆ ಕಟ್ಟಿಹಾಕುವುದು ಆ ಎಳೆತವೇ.

ಈಗ ಸೊಂಟ. ತೊಡೆ ಎತ್ತುವ ಸ್ನಾಯುಗಳಲ್ಲಿ ಒಂದು ಬೆನ್ನುಮೂಳೆಯ ಕೆಳಭಾಗಕ್ಕೇ ಅಂಟಿಕೊಂಡಿದೆ. ಹೊಟ್ಟೆ ಸೋತ ಕ್ಷಣ ಕಾಲಿನ ಭಾರವೆಲ್ಲ ಅದರ ಮೇಲೆ ಬೀಳುತ್ತದೆ, ಅದು ಬೆನ್ನನ್ನು ಬಿಲ್ಲಿನ ಹಾಗೆ ಎಳೆಯುತ್ತದೆ. ನಿಮಗೆ ಆಗುತ್ತಿರುವುದು ಇದೇ ಇರಬೇಕು. ಮೇಲೆ ಹೋಗುವುದು ಸುಲಭ ಅನ್ನಿಸುವುದು ಬಹುಶಃ ಕಾಲು ಬೀಸಿ ಹೋಗುವುದರಿಂದ. ಬೀಸುವುದನ್ನು ಬಿಡಿ. ಮಂಡಿ ಮಡಚಿ ಎದೆಗೆ ತಂದು, ಸೊಂಟ ಎತ್ತಿ, ಆಮೇಲೆ ಕಾಲು ಚಾಚಿ.

ಮೊಬೈಲನ್ನು ಪಕ್ಕದಲ್ಲಿ, ಬೆಂಚಿನ ಎತ್ತರಕ್ಕೇ ಇಟ್ಟು ವಿಡಿಯೊ ಮಾಡಿ. ಕಾಲನ್ನು ನೋಡಬೇಡಿ, ಕೊನೆಯ ಪಕ್ಕೆಲುಬನ್ನು ನೋಡಿ. ಬೆನ್ನು ಬಾಗುವ ಹೊತ್ತಿಗೆ ಅದು ಬನಿಯನ್ ಕೆಳಗೆ ಉಬ್ಬಿ ಏಳುತ್ತದೆ. ಅದು ಎದ್ದ ಜಾಗವೇ ಈ ವಾರದ ನಿಮ್ಮ ಗಡಿ. ಅಲ್ಲಿಗೆ ಬರುವ ಮುಂಚೆಯೇ ಮಂಡಿ ಮಡಚಿ ಇಳಿದುಬಿಡಿ.

ನನ್ನ ಹತ್ತಿರ ಕಲಿಯುವವರಿಗೆ ಮೊದಲು ನೆಲದ ಮೇಲೆ ಹಾಲೋ ಹೋಲ್ಡ್ ಮಾಡಿಸುತ್ತೇನೆ. ಸೊಂಟ ನೆಲಕ್ಕೆ ಒತ್ತಿ, ಕಾಲು, ಹೆಗಲು ಎತ್ತಿ 45 ಸೆಕೆಂಡ್. ಅದು ಬಂದ ಮೇಲೆ ಮಂಡಿ ಮಡಚಿಯೇ ಡ್ರ್ಯಾಗನ್ ಫ್ಲ್ಯಾಗ್, ಆಮೇಲೆ ಒಂದು ಕಾಲು ಚಾಚಿ, ಕೊನೆಗೆ ಎರಡೂ. ಕಾಲು ಚಾಚಿದಷ್ಟೂ ಭಾರ ಹೆಗಲಿನಿಂದ ದೂರ ಹೋಗುತ್ತದೆ, ಕಷ್ಟ ಹೆಚ್ಚುತ್ತದೆ. ಪ್ರತಿ ಇಳಿತಕ್ಕೂ 5 ಸೆಕೆಂಡ್ ಕೊಡಿ, ಉಸಿರು ಬಿಡುತ್ತಾ ಇಳಿಯಿರಿ. ಪೃಷ್ಠದ ಸ್ನಾಯುಗಳನ್ನು ಬಿಗಿ ಹಿಡಿದರೆ ಸೊಂಟ ಬಾಗದೆ ನಿಲ್ಲಲು ಸುಲಭ. ಒಂದು ಸೆಟ್‌ಗೆ 3 ರಿಂದ 5 ಸಲ, ಅಂಥ 3 ಸೆಟ್, ವಾರಕ್ಕೆ ಎರಡು ದಿನ ಸಾಕು. ಬ್ರೂಸ್ ಲೀ ಹೆಸರಿನ ಜೊತೆ ಬೆಸೆದುಹೋದ ವ್ಯಾಯಾಮ ಇದು, ಎಲ್ಲರಿಗೂ ಬೇಗ ಬರಬೇಕು ಅನ್ನೋ ಆಸೆ ಇರುತ್ತೆ ಅಲ್ವಾ? ಮಂಡಿ ಮಡಚಿ ಮಾಡುವ ಹಂತದಲ್ಲಿ ಎರಡು ತಿಂಗಳು ಹೋದರೂ ಹೋಗಲಿ.

ಬೆಂಚು ಅಲುಗದಂತಿರಲಿ. ಹರ್ನಿಯಾ, ಡಿಸ್ಕ್ ತೊಂದರೆ, ಬಿಪಿ ಜಾಸ್ತಿ ಇರುವವರು ಇದನ್ನು ಮಾಡಬಾರದು. ನಿಮ್ಮ ಕತ್ತಿನ ನೋವು ಕೈಗೆ ಇಳಿದರೆ, ಬೆರಳು ಜೋಮು ಹಿಡಿದರೆ ತಡ ಮಾಡದೆ ಡಾಕ್ಟರಿಗೆ ತೋರಿಸಿ.