ಹೆಸರೆಲ್ಲ ಕ್ಯಾಪಿಟಲ್ ಆಗಿಬಿಟ್ಟಿದೆ, ಏನು ಮಾಡಲಿ?

ಪ್ರಶ್ನೆ: ದಾವಣಗೆರೆಯ ಒಂದು ಸಹಕಾರ ಸಂಘದಲ್ಲಿ ಕೆಲಸ ಮಾಡುತ್ತೇನೆ. ಎಕ್ಸೆಲ್‌ನಲ್ಲಿ 1,400 ಸದಸ್ಯರ ಹೆಸರು, ವಿಳಾಸ ಇಂಗ್ಲಿಷಿನಲ್ಲಿದೆ. ಕೆಲವು ಪೂರ್ತಿ ಕ್ಯಾಪಿಟಲ್, ಕೆಲವು ಪೂರ್ತಿ ಸ್ಮಾಲ್. ಗುರುತಿನ ಚೀಟಿಗೆ ಪ್ರತಿ ಪದದ ಮೊದಲ ಅಕ್ಷರ ಮಾತ್ರ ಕ್ಯಾಪಿಟಲ್ ಬೇಕು. ಎಲ್ಲ ಮತ್ತೆ ಟೈಪ್ ಮಾಡಬೇಕಾ?

ಉತ್ತರ: ಖಂಡಿತ ಬೇಡ. ವರ್ಡ್‌ನಲ್ಲಿ ಶಿಫ್ಟ್ ಜೊತೆ ಎಫ್3 ಒತ್ತಿದರೆ ಅಕ್ಷರ ಬದಲಾಗುತ್ತದೆ ಅಲ್ವಾ, ಎಕ್ಸೆಲ್‌ನಲ್ಲಿ ಹಾಗಿಲ್ಲ, ಫಾರ್ಮುಲಾನೇ ಹಾಕಬೇಕು.

ಹೆಸರು ಎ ಕಾಲಂನಲ್ಲಿದ್ದರೆ ಪಕ್ಕದಲ್ಲಿ ಒಂದು ಖಾಲಿ ಕಾಲಂ ಸೇರಿಸಿ, ಬಿ2ರಲ್ಲಿ =ಪ್ರಾಪರ್(ಟ್ರಿಮ್(ಎ2)) ಅಂತ ಇಂಗ್ಲಿಷ್ ಅಕ್ಷರದಲ್ಲಿ ಹೊಡೆಯಿರಿ. ಟ್ರಿಮ್ ಯಾಕೆಂದರೆ, ಇಂಥ ಪಟ್ಟಿಗಳಲ್ಲಿ ಹೆಸರಿನ ಹಿಂದೆ ಮುಂದೆ ಸುಮ್ನೆ ಸ್ಪೇಸ್ ಸೇರಿಕೊಂಡಿರುತ್ತದೆ, ಅದನ್ನು ತೆಗೆಯುತ್ತದೆ. ಸೆಲ್‌ನ ಕೆಳಗಿನ ಬಲ ಮೂಲೆಯ ಚಿಕ್ಕ ಚೌಕದ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಕೆಳಗಿನವರೆಗೂ ತುಂಬಿಕೊಳ್ಳುತ್ತದೆ. ಎಲ್ಲ ಕ್ಯಾಪಿಟಲ್ ಬೇಕಿದ್ದರೆ ಅಪ್ಪರ್, ಎಲ್ಲ ಸ್ಮಾಲ್ ಬೇಕಿದ್ದರೆ ಲೋವರ್. ಗೂಗಲ್ ಶೀಟ್ಸ್‌ನಲ್ಲೂ ಇವೇ ಹೆಸರು.

ವಿಳಾಸದಲ್ಲಿ ಮಾತ್ರ ಹುಷಾರು. ಅಕ್ಷರ ಅಲ್ಲದ್ದು ಏನೇ ಬಂದರೂ ಅದರ ಮುಂದಿನ ಅಕ್ಷರವನ್ನು ಪ್ರಾಪರ್ ಕ್ಯಾಪಿಟಲ್ ಮಾಡುತ್ತದೆ, ಉಳಿದದ್ದನ್ನೆಲ್ಲ ಸ್ಮಾಲ್ ಮಾಡುತ್ತದೆ. ನಾಲ್ಕನೇ ಮೇನ್ ಅಂತ ಬರೆಯೋಕೆ 4ರ ಪಕ್ಕ ಟಿ, ಎಚ್ ಹಾಕುತ್ತೇವಲ್ಲ, ಆ ಟಿ ಎದ್ದು ಕ್ಯಾಪಿಟಲ್ ಆಗುತ್ತದೆ. ಎಂಸಿಸಿ ಬಿ ಬ್ಲಾಕ್‌ನಲ್ಲಿ ಎಂ ಮಾತ್ರ ದೊಡ್ಡದಾಗಿ ಉಳಿದು ಎರಡೂ ಸಿ ಚಿಕ್ಕದಾಗುತ್ತವೆ. ಪಿ.ಜೆ. ಬಡಾವಣೆಗೆ ಚುಕ್ಕಿ ಇಟ್ಟಿದ್ದರೆ ತೊಂದರೆ ಇಲ್ಲ, ಇಡದಿದ್ದರೆ ಜೆ ಚಿಕ್ಕದು. ಇದಕ್ಕೆ ಪ್ರಾಪರ್‌ನ ಹೊರಗಡೆ ಸಬ್‌ಸ್ಟಿಟ್ಯೂಟ್ (ಒಂದರ ಬದಲು ಇನ್ನೊಂದನ್ನು ಹಾಕುವ ಫಾರ್ಮುಲಾ) ಸುತ್ತಿ, ಮೊದಲು ತಪ್ಪು ರೂಪ, ಆಮೇಲೆ ಸರಿ ರೂಪ, ಎರಡನ್ನೂ ಡಬಲ್ ಕೋಟ್ ಒಳಗೆ ಕೊಡಿ. ಅದು ಕ್ಯಾಪಿಟಲ್ ಸ್ಮಾಲ್ ವ್ಯತ್ಯಾಸ ನೋಡುತ್ತದೆ, ಹಾಗಾಗಿ ತಪ್ಪು ರೂಪ ಸೆಲ್‌ನಲ್ಲಿ ಹೇಗೆ ಕಾಣುತ್ತದೋ ಹಾಗೇ ಹೊಡೆಯಿರಿ.

ನನಗೆ ಜಾಸ್ತಿ ಚಿಂತೆ ಇರೋದು ಇನಿಷಿಯಲ್ ಬಗ್ಗೆ. ಕೆ, ಎಂ ನಡುವೆ ಸ್ಪೇಸ್ ಇದ್ದರೆ ಸರಿ, ಒಟ್ಟಿಗೆ ಹೊಡೆದಿದ್ದರೆ ಎಂ ಚಿಕ್ಕದಾಗುತ್ತದೆ. ಇನ್ನೊಂದು ಕಾಲಂನಲ್ಲಿ =ಫೈಂಡ್(" ",ಬಿ2) ಹಾಕಿ, ಮೊದಲ ಸ್ಪೇಸ್ ಎಷ್ಟನೆಯದು ಅಂತ ಅದು ಹೇಳುತ್ತದೆ, ಫಿಲ್ಟರ್‌ನಲ್ಲಿ 3 ಮತ್ತು 4 ಮಾತ್ರ ಆರಿಸಿಕೊಳ್ಳಿ. ಮೊದಲ ಪದ ಎರಡು ಮೂರು ಅಕ್ಷರ ಇರುವ ಹೆಸರೆಲ್ಲ ಸಿಗುತ್ತವೆ. ಆದರೆ ನಮ್ಮ ಕಡೆ ಹೆಸರಿನ ಕೊನೆಯಲ್ಲೂ ಇನಿಷಿಯಲ್ ಹಾಕುತ್ತಾರೆ, ಅವನ್ನು ದಯವಿಟ್ಟು ಕಣ್ಣಲ್ಲೇ ನೋಡಿ. ಆ ಚೀಟಿಯನ್ನು ಅವರು ವರ್ಷಗಟ್ಟಲೆ ಜೇಬಿನಲ್ಲಿ ಇಟ್ಟುಕೊಳ್ಳುತ್ತಾರೆ, ಒಂದು ಮಧ್ಯಾಹ್ನ ಹೋದರೂ ಪರವಾಗಿಲ್ಲ.

ಎಲ್ಲ ಸರಿಯಾದ ಮೇಲೆ ಬಿ ಕಾಲಂ ಕಾಪಿ ಮಾಡಿ, ಅದೇ ಜಾಗದಲ್ಲಿ ಪೇಸ್ಟ್ ಸ್ಪೆಷಲ್‌ಗೆ ಹೋಗಿ ವ್ಯಾಲ್ಯೂಸ್ ಆರಿಸಿ, ಫಾರ್ಮುಲಾ ಹೋಗಿ ಹೆಸರು ಮಾತ್ರ ಉಳಿಯುತ್ತದೆ. ಇದನ್ನು ಮಾಡದೆ ಎ ಕಾಲಂ ಡಿಲೀಟ್ ಮಾಡಿದರೆ 1,400 ಹೆಸರೂ ಹೋಗಿ ಬರೀ ರೆಫ್ ಎರರ್ ಉಳಿಯುತ್ತದೆ. ಹಳೇ ಫೈಲಿನ ಒಂದು ಕಾಪಿ ಮೊದಲೇ ಬೇರೆ ಕಡೆ ಇಟ್ಟುಕೊಳ್ಳಿ.