ಅಸ್ತಮಾ ಇದ್ದವರಿಗೆ ಪಾದ ಜೋತು ಬಿದ್ದರೆ

ನಿಮ್ಮ ಅಕ್ಕನಿಗೆ ಹಳೇ ಅಸ್ತಮಾ, ರಕ್ತದಲ್ಲಿ ಇಸಿನೋಫಿಲ್ (ಒಂದು ಬಗೆಯ ಬಿಳಿ ರಕ್ತಕಣ) ಜಾಸ್ತಿ, ಈಗ ಬಲಗಾಲಿನ ಚಪ್ಪಲಿ ಗೊತ್ತೇ ಆಗದೆ ಜಾರಿಹೋಗುತ್ತದೆ, ಸೊಂಟದ ನರ ಒತ್ತಿದ್ದಾ ಅಂತ ಕೇಳಿದ್ದೀರಿ. ಸರ್, ಈ ಮೂರೂ ಕೂಡಿ ಬಂದರೆ ಇಜಿಪಿಎ ಅನ್ನೋ ಅಪರೂಪದ ರಕ್ತನಾಳದ ಉರಿಯೂತ ಇದೆಯಾ ಅಂತ ನೋಡಲೇಬೇಕು. ಮೊದಲು ಚರ್ಗ್-ಸ್ಟ್ರಾಸ್ ಅಂತಿದ್ದರು. ನರಕ್ಕೆ ರಕ್ತ ಕೊಡುವ ಸಣ್ಣ ನಾಳಗಳೇ ಬಾತು ಮುಚ್ಚಿಕೊಳ್ಳುತ್ತವೆ, ಹಾಗಾಗಿ ಇವತ್ತು ಒಂದು ಪಾದ, ಮುಂದೆ ಮಣಿಕಟ್ಟು, ಹೀಗೆ ಒಂದೊಂದೇ ನರ ಕೈಕೊಡಬಹುದು. ಹಾವೇರಿಯಲ್ಲೇ ಎಣ್ಣೆ, ಮಸಾಜು ಅಂತ ದಿನ ಕಳೆಯಬೇಡಿ. ಹುಬ್ಬಳ್ಳಿಯ ಸರ್ಕಾರಿ ಆಸ್ಪತ್ರೆ ಕೆಎಂಸಿಆರ್‌ಐನ (ಮೊದಲಿನ ಕಿಮ್ಸ್) ನ್ಯೂರಾಲಜಿಗೆ ಬೇಗ ಕರ್ಕೊಂಡು ಹೋಗಿ, ನರದ ಟೆಸ್ಟ್ ಮತ್ತು ಆಂಕಾ ಅನ್ನೋ ರಕ್ತದ ಟೆಸ್ಟ್ ಬಗ್ಗೆ ಕೇಳಿ. ಆಂಕಾ ನೆಗೆಟಿವ್ ಬಂತು ಅಂತ ಸುಮ್ನಾಗಬೇಡಿ, ಇಜಿಪಿಎ ಇರುವವರಲ್ಲೂ ಅರ್ಧಕ್ಕಿಂತ ಜಾಸ್ತಿ ಜನರಿಗೆ ಅದು ನೆಗೆಟಿವ್ವೇ. ಸ್ಟಿರಾಯ್ಡ್ ಬೇಗ ಶುರುವಾದಷ್ಟೂ ನರ ಉಳಿಯುವ ಆಸೆ ಹೆಚ್ಚು. ಪಾದ ಮತ್ತೆ ಎತ್ತೋಕೆ ತಿಂಗಳುಗಟ್ಟಲೆ ಹಿಡಿಯಬಹುದು, ಅಲ್ಲಿವರೆಗೆ ಎಡವಿ ಬೀಳದ ಹಾಗೆ ಪಾದಕ್ಕೆ ಆಸರೆ ಕೊಡುವ ಸ್ಪ್ಲಿಂಟ್ ಹಾಕಿಸಿ.